ಬ್ಯಾಗು ಕೊಡಲಿ, ಮಗುವನ್ನು ಎರಡು ಸಲ ನಿಲ್ಲಿಸುವುದು ಬೇಡ

ಹೊಸನಗರದ ಓದುಗರೊಬ್ಬರ ಪತ್ರ: 'ಸಿನಿಮಾ ನಟರು ನಮ್ಮ ಕಡೆಯ ಸರ್ಕಾರಿ ಶಾಲೆಗೆ ಬಂದು ಮಕ್ಕಳಿಗೆ ಬ್ಯಾಗು ಕೊಟ್ಟರೂ ನೀವು ಪತ್ರಿಕೆಯವರು ಕೊಂಕು ತೆಗೆಯುತ್ತೀರಿ. ಕೊಡುವವರನ್ನು ಕೊಡಲು ಬಿಡಿ. ಅಷ್ಟಕ್ಕೂ ನೀವೇನು ಕೊಟ್ಟಿದ್ದೀರಿ?'

ಸಂಪಾದಕರ ಉತ್ತರ: ಪತ್ರ ಖಾರವಾಗಿದೆ, ಓದಿ ಖುಷಿಯಾಯಿತು. ಯಾರು ಕೊಟ್ಟರೂ ಬ್ಯಾಗು ಬ್ಯಾಗೇ. ನಮ್ಮ ಮಳೆಯಲ್ಲಿ ಪುಸ್ತಕ ನೆನೆಯುವುದಂತೂ ತಪ್ಪುತ್ತದೆ. ಅಷ್ಟು ಒಪ್ಪಿದೆ.

ಆದರೆ ಕೊಡುವಾಗ ಹತ್ತಿರ ನಿಂತು ನೋಡಿದ್ದೀರಾ? ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ನಾನು ನೋಡಿದೆ. ಬ್ಯಾಗಿನ ಮೇಲೆ ನಟರ ಮುಖ. ಹುಡುಗಿ ಅದನ್ನು ತಗೊಂಡು, ಕೈ ಮುಗಿದು ಹೊರಟಿದ್ದಳು. 'ಏ ಪುಟ್ಟಿ, ಬಾ ಇಲ್ಲಿ, ಸರಿ ಬರ್ಲಿಲ್ಲ' ಎಂದ ಕ್ಯಾಮೆರಾದವನು. ಬ್ಯಾಗು ವಾಪಸ್ ಇಸ್ಕೊಂಡು ಇನ್ನೊಂದು ಸಲ ಕೊಟ್ಟರು. 'ಮುಖ ಕಾಣೋ ಹಾಗೆ ಹಿಡ್ಕೊ' ಅಂದರು. ಅವಳ ಮುಖ ಅಲ್ಲ, ಬ್ಯಾಗಿನದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಅಡಿಕೆ ಬೆಳೆಯುವ ನಾವೇ ಇದನ್ನು ಮರೆತರೆ ಹೇಗೆ?

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾದ ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ. ಆಮೇಲೆ ಕಣ್ಣು ಬರೆದುಕೊಡಲು ಜನ ಮುಗಿಬಿದ್ದರು. ಆ ನಾಲ್ವರು ಯಾರು? ನನಗೆ ಗೊತ್ತಿಲ್ಲ, ಬಹುಶಃ ನಿಮಗೂ ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ.

ಕಂಪನಿಗಳದ್ದು ಇನ್ನೊಂದು ಬಗೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಅದಕ್ಕೂ ಫ್ಲೆಕ್ಸು, ಹಾರ, ಸನ್ಮಾನ! ತೆರಿಗೆ ಕಟ್ಟಿದ್ದಕ್ಕೆ ನಮಗ್ಯಾರೂ ಶಾಲು ಹೊದಿಸಲ್ಲ, ಅಲ್ವಾ? ನಾನೇನು ಕೊಟ್ಟೆ ಅಂತ ಕೇಳಿದ್ದೀರಿ. ಹೇಳಲ್ಲ. ಹೇಳಿದರೆ ನಾನೂ ಅದೇ ವೇದಿಕೆ ಹತ್ತಿದ ಹಾಗೆ.

ನಟರನ್ನು ಬಿಡಿ. ಪಕ್ಕದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುವ ಶಾಸಕರು, ಅಧಿಕಾರಿಗಳನ್ನು ನೋಡಿ. ಆ ಶಾಲೆಗೆ ಬೇಕಾದ್ದನ್ನು ಕೊಡಬೇಕಾದವರು ಅವರೇ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಕರೆಂಟು ಬಂತು. ಹಿನ್ನೀರಿನ ಆಚೆ ಉಳಿದವರು ಹೊಳೆಬಾಗಿಲಲ್ಲಿ ಲಾಂಚು ಕಾಯುತ್ತಾ ನಿಂತರು. ಸಿಗಂದೂರು ಸೇತುವೆ ಆದದ್ದು 2025ರ ಜುಲೈಯಲ್ಲಿ! ಹಿನ್ನೀರಲ್ಲಿ ಊರು ಮುಳುಗಿದವರ ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಈಗಲೂ ಕಚೇರಿ ಅಲೆಯುತ್ತಿದ್ದಾರೆ. ಆ ಫೈಲನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಯಾಕೋ ಯಾರೂ ಬರುವುದಿಲ್ಲ.

ನಮಗೆ ಬರೆದಷ್ಟೇ ಖಾರವಾಗಿ ನಿಮ್ಮ ಶಾಸಕರಿಗೂ ಒಂದು ಪತ್ರ ಬರೆಯಿರಿ. ಪ್ರತಿ ಇಲ್ಲಿಗೆ ಕಳಿಸಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.