ಓದುಗರ ಪ್ರಶ್ನೆ: ದಿವಾರ್ ದ್ವೀಪದಲ್ಲಿ ಒಂದು ದಿನ

ಪ್ರಶ್ನೆ: ಗೋವಾದ ದಿವಾರ್ ದ್ವೀಪದ ಗದ್ದೆ ಮತ್ತು ಹಳೆಯ ಗುಡಿಯ ಅವಶೇಷ ನೋಡಲು ಸ್ಥಳೀಯ ಮಾರ್ಗದರ್ಶಿಯ ಜೊತೆ ಒಂದು ದಿನ ಹೋಗಬೇಕೆಂದಿದ್ದೇವೆ. ಯಾವ ಹೊತ್ತು ಒಳ್ಳೆಯದು? – ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಮುರ್ಮಗೋವಾ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ, ಆಮೇಲೆ ದಿನ ಗೊತ್ತು ಮಾಡಿ. ದಿವಾರ್ ಇರುವುದು ಮಾಂಡೋವಿಯಲ್ಲಿ, ಅಂದರೆ ನಮ್ಮ ಮಹದಾಯಿಯಲ್ಲೇ. ದಿನಕ್ಕೆರಡು ಸಲ ಉಪ್ಪುನೀರು ಅಲ್ಲಿಯವರೆಗೂ ಏರುತ್ತದೆ. ‘ಖಾಜನ್’ ಎನ್ನುವ ಅಲ್ಲಿನ ಗದ್ದೆಗಳು ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿವೆ. ನದಿಯನ್ನು ತಡೆಯುವುದು ಮಣ್ಣಿನ ಒಡ್ಡು. ನೀರಿನ ಲೆಕ್ಕ ನೋಡಿಕೊಳ್ಳುವುದು ಒಡ್ಡಿನ ನಡುವೆ ಚಿರೆಕಲ್ಲಿನಲ್ಲಿ ಕಟ್ಟಿದ ‘ಮಾನಸ್’ ಎಂಬ ತೂಬು.

ಆ ತೂಬನ್ನು ಹತ್ತಿರ ನಿಂತು ನೋಡಿ. ಮರದ ಬಾಗಿಲು ನದಿಯ ಕಡೆಗೆ ಮಾತ್ರ ತೆರೆದುಕೊಳ್ಳುವಂತೆ ಜೋಡಿಸಿರುತ್ತಾರೆ. ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಬಾಗಿಲು ತಾನೇ ಬಿಗಿದುಕೊಳ್ಳುತ್ತದೆ. ನದಿ ಇಳಿದು ಒಳಗಿನ ನೀರಿನ ಮಟ್ಟ ಮೇಲಾದಾಗ ಒಳನೀರೇ ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಹಾಗಾಗಿ ಉಬ್ಬರ ತುದಿ ಮುಟ್ಟಿ ಎರಡು-ಮೂರು ಗಂಟೆಯಾದ ಮೇಲೆ ಅಲ್ಲಿರಿ. ತುಂಬು ಉಬ್ಬರದಲ್ಲಿ ಹೋದರೆ ಮುಚ್ಚಿದ ಹಲಗೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಬೆಳಗ್ಗೆ 7ಕ್ಕೆ ಉಬ್ಬರವಿದ್ದರೆ 8ಕ್ಕೆ ಫೆರಿ ಹತ್ತಿ, ಪಿಯೆದಾದ್ ಗುಡ್ಡದ ಚರ್ಚ್ ನೋಡಿಕೊಂಡು 9.30ಕ್ಕೆ ಒಡ್ಡಿಗೆ ಇಳಿಯಬಹುದು. ಉಬ್ಬರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಪ್ರವಾಸ ಮುಂದೆ ಹಾಕಿದರೆ ಸಮಯವನ್ನೂ ಬದಲಿಸಿಕೊಳ್ಳಿ. ಪೈರು ನೋಡಲು ಸೆಪ್ಟೆಂಬರ್, ಕೊಯ್ಲು ನೋಡಲು ಅಕ್ಟೋಬರ್.

ಪ್ರಶ್ನೆ: ಈ ಖಾಜನ್ ನಮ್ಮ ಕಡೆ ಹೊಳೆಯ ಉಪ್ಪುನೀರಿನ ಬದಿಯ ‘ಗಜನಿ’ ಗದ್ದೆಯಂತೆಯೇ ಇದೆಯಲ್ಲ? ಅಲ್ಲೂ ಗದ್ದೆ ಪಾಳು ಬೀಳುತ್ತಿದೆಯೆ? – ಓದುಗರು, ಕುಮಟಾ

ಉತ್ತರ: ಹೌದು, ಅಘನಾಶಿನಿಯ ಗಜನಿಯದ್ದೇ ಜಾಣ್ಮೆ. ಮಾಣಿಕಟ್ಟಾದಲ್ಲಿ ಕಗ್ಗ ಭತ್ತ ಬೆಳೆಯುವಂತೆ ಅಲ್ಲಿ ಉಪ್ಪು ತಾಳುವ ‘ಕೊರ್ಗುಟ್’ ಭತ್ತ. ಜೂನ್ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಇಳಿತದಲ್ಲಿ ಆ ನೀರನ್ನು ಹೊರಬಿಟ್ಟ ಮೇಲೇ ಬಿತ್ತನೆ. ಕೊಯ್ಲು ಮುಗಿದ ಮೇಲೆ ತೂಬಿನ ಬಾಗಿಲು ತೆರೆದಿಟ್ಟು ಉಪ್ಪುನೀರನ್ನು ಒಳಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.

ಕೆಡುವುದು ಭತ್ತ, ಮೀನು ಈ ಎರಡರ ನಡುವೆಯೇ. ತೂಬಿನ ಮೀನಿಗೆ ಹರಾಜು ನಡೆಯುತ್ತದೆ, ಹಣ ಅದರಲ್ಲೇ ಹೆಚ್ಚು. ಬಾಗಿಲನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ತೆರೆದಿಟ್ಟರೆ ಉಪ್ಪು ಆಳಕ್ಕಿಳಿದು ಭತ್ತ ಏಳುವುದಿಲ್ಲ. ಏಡಿ ಕೊರೆದ ಬಿಲವನ್ನು ಸಣ್ಣದಿರುವಾಗಲೇ ಮುಚ್ಚದಿದ್ದರೆ ದೊಡ್ಡ ಉಬ್ಬರಕ್ಕೆ ಒಡ್ಡೇ ಒಡೆಯುತ್ತದೆ. ಪಾಳುಬಿದ್ದ ಗದ್ದೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೇರುಬಿಡುತ್ತದೆ, ಆಮೇಲೆ ಅದನ್ನು ಮತ್ತೆ ಗದ್ದೆ ಮಾಡುವುದು ಬಹಳ ಕಷ್ಟ. ಈ ವಿಷಯವನ್ನು ಮಾರ್ಗದರ್ಶಿಯ ಹತ್ತಿರ ಬಿಡದೆ ಕೇಳಿ. ಸಾಧ್ಯವಾದರೆ ಗದ್ದೆ ಮಾಡುವವರನ್ನೇ ಮಾರ್ಗದರ್ಶಿಯಾಗಿ ಹುಡುಕಿ; ಚರ್ಚ್ ತೋರಿಸುವವರು ಎಲ್ಲೆಡೆ ಸಿಗುತ್ತಾರೆ.

ಪ್ರಶ್ನೆ: ಕದಂಬರ ಕುರುಹು ಏನು ಉಳಿದಿದೆ? – ಓದುಗರು, ಬೆಳಗಾವಿ

ಉತ್ತರ: ಗೋವಾ ಕದಂಬರ ಕುಲದೈವ ಸಪ್ತಕೋಟೀಶ್ವರನ ಗುಡಿ ಇದ್ದದ್ದು ಈ ದ್ವೀಪದ ನಾರೋವಾದಲ್ಲಿ. ಅವರ ಚಿನ್ನದ ನಾಣ್ಯಗಳ ಮೇಲೆ ಆ ದೇವರ ಹೆಸರಿದೆ. ನಿಮ್ಮ ಜಿಲ್ಲೆಯ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿಯೂ ಇದೇ ಮನೆತನದ ರಾಣಿ. ಗುಡಿಯನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಆಚೆ ದಡದ ನಾರ್ವೆಗೆ ಒಯ್ದರು. ಅಲ್ಲಿನ ಗುಡಿಯ ಜೀರ್ಣೋದ್ಧಾರಕ್ಕೆ 1668ರಲ್ಲಿ ಆಜ್ಞೆ ಕೊಟ್ಟವನು ಶಿವಾಜಿ. ನಾರೋವಾದಲ್ಲಿ ಈಗ ಕಲ್ಲಿನ ಮೆಟ್ಟಿಲ ಪುಷ್ಕರಣಿ ಇದೆ, ಗೋಡೆಯ ಗೂಡುಗಳನ್ನು ಗಮನಿಸಿ. ಪಾಚಿಗೆ ಮೆಟ್ಟಿಲು ಜಾರುತ್ತವೆ. ಪಿಯೆದಾದ್ ಚರ್ಚಿನ ಸ್ಮಶಾನದ ಪುಟ್ಟ ಪ್ರಾರ್ಥನಾಲಯದಲ್ಲೂ ಹಳೆಯ ಗುಡಿಯ ಕೆತ್ತನೆಯ ಕಲ್ಲು ಸೇರಿದೆ. ಬೀಗ ಹಾಕಿರಬಹುದು, ಮಾರ್ಗದರ್ಶಿಯಿಂದ ಹಿಂದಿನ ದಿನವೇ ಚರ್ಚಿಗೆ ಹೇಳಿಸಿ. ಭಾನುವಾರ ಬೆಳಗ್ಗೆ ಪೂಜೆಯ ಹೊತ್ತು, ಬೇಡ.

ಪ್ರಶ್ನೆ: ಕಾರವಾರದಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸಾಗಬಹುದೆ? – ಓದುಗರು, ಕಾರವಾರ

ಉತ್ತರ: ಆಗುತ್ತದೆ. ರೈಲಿನಲ್ಲಾದರೆ ಕರ್ಮಳಿಯಲ್ಲಿ ಇಳಿಯಿರಿ, ಓಲ್ಡ್ ಗೋವಾ ಪಕ್ಕದಲ್ಲೇ. ವೈಸ್‌ರಾಯ್ ಕಮಾನಿನ ಹಿಂದೆ ಫೆರಿ ಕಟ್ಟೆ. ದಾಟಲು ಹತ್ತು ನಿಮಿಷವೂ ಬೇಡ, ಆದರೆ ಕಾಯುವುದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಸ್ಕೂಟರನ್ನೂ ಫೆರಿಯಲ್ಲಿ ಒಯ್ಯಬಹುದು. ಹಾಗಿದ್ದರೆ ನಾರೋವಾದ ಇನ್ನೊಂದು ಫೆರಿಯಲ್ಲಿ ದಾಟಿ ನಾರ್ವೆಯ ಗುಡಿಯನ್ನೂ ಅದೇ ದಿನ ನೋಡಿ. ಆಗಸ್ಟ್‌ನ ನಾಲ್ಕನೇ ಶನಿವಾರ ಬೊಂದೆರಾಮ್ ಹಬ್ಬದ ಜನಜಂಗುಳಿ, ಗದ್ದೆ ನೋಡಲು ಅಂದು ಹೋಗಬೇಡಿ. ತಲಾ ಎರಡು ಲೀಟರ್ ನೀರು, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಬೇಕೇ ಬೇಕು. ಒಡ್ಡಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಹೊಸ ಮಣ್ಣು ಮೆತ್ತಿದ ಕಡೆ ಕಾಲಿಡಬೇಡಿ.