ಹೃದಯದ ಆಪರೇಷನ್ ಆಗಿದೆ, ಬಸುರಿಯಾಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಹುಟ್ಟಿದಾಗಿಂದ ಹೃದಯದ ತೊಂದರೆ ಇತ್ತು, ಅತ್ತರೆ ತುಟಿ, ಉಗುರು ನೀಲಿಯಾಗ್ತಿತ್ತಂತೆ. 4ನೇ ವಯಸ್ಸಿನಲ್ಲಿ ಆಪರೇಷನ್ ಆಯ್ತು. ಹಳೇ ಫೈಲಿನಲ್ಲಿ ‘ಟೆಟ್ರಾಲಜಿ ಆಫ್ ಫ್ಯಾಲೊ’ ಅಂತಿದೆ. ಈಗ ಆರಾಮಾಗಿದ್ದೇನೆ, ಮಾತ್ರೆ ಇಲ್ಲ, ಚೆಕಪ್‌ಗೆ ಹೋಗಿ ಎಷ್ಟೋ ವರ್ಷ ಆಯ್ತು. ಅತ್ತೆ ಮಗು ಯಾವಾಗ ಅಂತಾರೆ, ಅಮ್ಮ ಬೇಡವೇ ಬೇಡ ಅಂತ ಅಳ್ತಾರೆ. ಅಪಾಯ ಎಷ್ಟು ಅಂತ ಮೊದಲೇ ಗೊತ್ತಾಗುತ್ತಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಗೊತ್ತಾಗುತ್ತೆ. ಪೂರ್ತಿ ಅಲ್ಲ, ಆದರೆ ಧೈರ್ಯವಾಗಿ ತೀರ್ಮಾನ ಮಾಡುವಷ್ಟು ಗೊತ್ತಾಗುತ್ತೆ. ನೀವು ಬಸುರಿಯಾಗುವ ಮೊದಲೇ ಕೇಳಿದಿರಲ್ಲ, ಅದು ತುಂಬಾ ಒಳ್ಳೆಯದಾಯ್ತು. ‘ಟೆಟ್ರಾಲಜಿ ಆಫ್ ಫ್ಯಾಲೊ’ ಅಂದರೆ ಹುಟ್ಟಿನಿಂದಲೇ ಹೃದಯದಲ್ಲಿ ಒಟ್ಟಿಗೆ ಇರುವ ನಾಲ್ಕು ದೋಷಗಳು.

ಗರ್ಭಿಣಿಯ ಮೈಯಲ್ಲಿ ರಕ್ತ ಸುಮಾರು 40-50% ಹೆಚ್ಚಾಗುತ್ತೆ, ಅಷ್ಟನ್ನೂ ಹೃದಯವೇ ತಳ್ಳಬೇಕು. ಹಾಗಾಗಿ ಈಗ ಮೆಟ್ಟಿಲು ಹತ್ತಿದರೆ ಏನೂ ಅನ್ನಿಸದ ಹೃದಯ ಏಳನೇ ತಿಂಗಳಲ್ಲಿ ಸೋಲಬಹುದು. ನಮಗೆ ಮುಖ್ಯ ಭಯ ಎರಡು: ಹಾರ್ಟ್ ಫೇಲ್ಯೂರ್ ಮತ್ತು ಬಡಿತದ ಏರುಪೇರು. ಕೆನಡಾದಲ್ಲಿ ಹೃದಯದ ಕಾಯಿಲೆ ಇರುವವರ 1938 ಗರ್ಭಧಾರಣೆಗಳನ್ನು ನೋಡಿ 2018ರಲ್ಲಿ ‘ಕಾರ್‌ಪ್ರೆಗ್ 2’ ಅನ್ನುವ ಅಂಕಪಟ್ಟಿ ಮಾಡಿದರು. ಅವುಗಳಲ್ಲಿ 16% ಸಲ ಹೃದಯದ ತೊಂದರೆ ಕಾಣಿಸಿತ್ತು. ಹಿಂದೆ ಹಾರ್ಟ್ ಫೇಲ್ಯೂರ್ ಅಥವಾ ಬಡಿತದ ತೊಂದರೆ ಆಗಿದ್ದರೆ 3 ಅಂಕ. ಮೈ ನೀಲಿಗಟ್ಟುವುದು ಅಥವಾ ಸ್ವಲ್ಪ ಕೆಲಸಕ್ಕೇ ಏದುಸಿರು ಬರುವುದಕ್ಕೂ 3, ಲೋಹದ ವಾಲ್ವ್ ಇದ್ದರೂ 3. ಪಂಪ್ ಮಾಡುವ ಶಕ್ತಿ ಕಮ್ಮಿ ಇದ್ದರೆ 2, ಶ್ವಾಸಕೋಶದ ರಕ್ತನಾಳದಲ್ಲಿ ಬಿಪಿ ಜಾಸ್ತಿ ಇದ್ದರೂ 2. ಹೀಗೆ ಒಟ್ಟು ಹತ್ತು ವಿಷಯ. ಮೊತ್ತ 0-1 ಬಂದರೆ ತೊಂದರೆಯ ಸಾಧ್ಯತೆ ಸುಮಾರು 5%, 4 ದಾಟಿದರೆ 41%. ಬಸುರಾದ ಮೇಲೆ ತಡವಾಗಿ ತಪಾಸಣೆಗೆ ಬಂದರೆ ಅದಕ್ಕೂ 1 ಅಂಕ! ಅಂದರೆ ಸುಮ್ನೆ ಕಾಯುವುದೇ ಒಂದು ಅಪಾಯ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ನಿಮ್ಮಂತೆ ರಿಪೇರಿಯಾದ ಫ್ಯಾಲೊ ಸಾಮಾನ್ಯವಾಗಿ ಎರಡನೇ ದರ್ಜೆ. ನೂರರಲ್ಲಿ ಸುಮಾರು 6ರಿಂದ 10 ಜನಕ್ಕೆ ತೊಂದರೆ ಆಗಬಹುದು. ‘ಗರ್ಭ ಬೇಡ’ ಅಂತ ನಾವು ಹೇಳುವುದು ನಾಲ್ಕನೇ ದರ್ಜೆಯವರಿಗೆ, ಅಂದರೆ ಐಸನ್‌ಮೆಂಗರ್ (ಹೃದಯದ ತೂತಿನಿಂದಾಗಿ ಶ್ವಾಸಕೋಶದ ರಕ್ತನಾಳದ ಬಿಪಿ ತುಂಬಾ ಏರಿ ಮೈ ನೀಲಿಗಟ್ಟುವ ಸ್ಥಿತಿ) ಆದವರು, ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯದ ಎಡಕೋಣೆ ಹೊರತಳ್ಳುವ ರಕ್ತದ ಪಾಲು) 30%ಗಿಂತ ಕಮ್ಮಿ ಇರುವವರು, ಇಂಥವರಿಗೆ. ನಿಮ್ಮ ಅಮ್ಮನ ಭಯ ಸುಳ್ಳಲ್ಲ, ಆದರೆ ನಿಮ್ಮ ಹೃದಯ ಈಗ ಹೇಗಿದೆ ಅಂತ ಯಾರೂ ನೋಡಿಲ್ಲವಲ್ಲ! ಈ ಆಪರೇಷನ್ ಆದವರಲ್ಲಿ ಎಷ್ಟೋ ವರ್ಷಗಳಾದ ಮೇಲೆ ಪಲ್ಮನರಿ ವಾಲ್ವ್ (ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯ ಕವಾಟ) ಸೋರಿ ಬಲಗಡೆಯ ಕೋಣೆ ಹಿಗ್ಗಿರಬಹುದು, ಹೊರಗೆ ಏನೂ ಕಾಣಿಸದೇ ಇರಬಹುದು.

ಹಾಗಾಗಿ ಆ ಹಳೇ ಫೈಲ್ ಹಿಡಿದು, ಹುಟ್ಟು ಹೃದಯದ ಕಾಯಿಲೆ ನೋಡುವ ಕಾರ್ಡಿಯಾಲಜಿಸ್ಟ್ ಹತ್ತಿರ ಹೋಗಿ. ಯಜಮಾನರನ್ನೂ ಅಮ್ಮನನ್ನೂ ಕರ್ಕೊಂಡು ಹೋದರೆ ಒಳ್ಳೆಯದು. ಇಸಿಜಿ, ಎಕೋ, ಟ್ರೆಡ್‌ಮಿಲ್ ಟೆಸ್ಟ್, ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ. ವಾಲ್ವ್ ಸರಿಮಾಡಬೇಕಿದ್ದರೆ ಅದು ಮೊದಲು, ಮಗು ಆಮೇಲೆ. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ.

ಬಸುರಿಯಾದ ಮೇಲೆ ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿಂಬು ಬೇಕೆನಿಸುವುದು, ಎದೆ ಡವಡವ ಅನ್ನುವುದು, ಇವನ್ನು ‘ಬಸುರಿಗೆ ಇದೆಲ್ಲಾ ಇದ್ದದ್ದೇ’ ಅಂತ ಬಿಡಬೇಡಿ, ಅವತ್ತೇ ತೋರಿಸಿ. ಬಹಳಷ್ಟು ಜನಕ್ಕೆ ನಾರ್ಮಲ್ ಹೆರಿಗೆಯೇ ಆಗುತ್ತೆ. ಹೆರಿಗೆಯಾದ ಮೊದಲ ಎರಡು ಮೂರು ದಿನವೂ ಹೃದಯಕ್ಕೆ ಹೊರೆ ಜಾಸ್ತಿ, ಬೇಗ ಮನೆಗೆ ಕಳಿಸಿ ಅಂತ ಅವಸರ ಮಾಡಬೇಡಿ. ಮಗುವಿನ ಹೃದಯ ನೋಡುವ ಸ್ಕ್ಯಾನ್ ಬೇರೆ ಇದೆ, 18ರಿಂದ 22ನೇ ವಾರದೊಳಗೆ ಅದನ್ನೂ ಮಾಡಿಸಿ.