ಓದುಗರ ಪ್ರಶ್ನೆ: ಫ್ರಂಟ್‌ಎಂಡ್ ಕಲೀದೇ ವೆಬ್ ಆಪ್ ಮಾಡ್ಲಾಕ ಬರ್ತದೇನ್ರಿ?

ಪ್ರಶ್ನೆ: ಸರ, ನಾ ಕಲಬುರಗಿ ಗಂಜ್‌ನ್ಯಾಗ ಒಂದ್ ತೊಗರಿ ಅಡತಿ ಅಂಗಡಿಯೊಳಗ ಲೆಕ್ಕ ಬರೀತೀನಿ. ಬಿ.ಕಾಂ ಆಗ್ಯದ, ಪೈಥಾನ್ ಯೂಟ್ಯೂಬ್ ನೋಡಿ ಕಲ್ತೀನಿ. ತೂಕ, ಖಾಲಿ ಚೀಲದ ತೂಕ, ತೇವಾಂಶ, ರೇಟು ಹಾಕಿದ್ರ ಎಷ್ಟ್ ರೊಕ್ಕ ಅಂತ ಹೇಳೋ ಪ್ರೋಗ್ರಾಮ್ ಬರ್ದೀನಿ. ಆದ್ರ ಅದು ಕಪ್ಪು ಸ್ಕ್ರೀನ್‌ನ್ಯಾಗ ನಡೀತದ, ಮಾಲಕರು ಮೊಬೈಲ್‌ನ್ಯಾಗ ಬೇಕು ಅಂತಾರ. ಇದಕ್ಕ ಫ್ರಂಟ್‌ಎಂಡ್, ಅಂದ್ರ ಕಣ್ಣಿಗೆ ಕಾಣೋ ಸ್ಕ್ರೀನ್ ಕಟ್ಟೋ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ರಿಯಾಕ್ಟ್ ಎಲ್ಲಾ ಕಲೀಬೇಕೇನ್ರಿ?

ಉತ್ತರ: ಬ್ಯಾಡ್ರಿ. ಕಲೀರಿ ಅನ್ನೋರು ಭಾಳ ಮಂದಿ ಸಿಗ್ತಾರ, ಅವ್ರ ಮಾತ್ ಕೇಳಿದ್ರ ಈ ಸೀಸನ್ನಿನ ತೊಗರಿ ಖಾಲಿ ಆಗೋತನ ನೀವು ಬಟನ್ನಿಗೆ ಬಣ್ಣ ಹಚ್ಕೋತ ಕುಂತಿರ್ತೀರಿ. ಸ್ಟ್ರೀಮ್‌ಲಿಟ್ ಅಂತ ಒಂದ್ ಪೈಥಾನ್ ಲೈಬ್ರರಿ (ಬ್ಯಾರೆಯವ್ರು ಬರ್ದಿಟ್ಟ ತಯಾರ್ ಕೋಡ್) ಅದ, 2019ರಾಗ ಬಂದದ್ದು, 2022ರಾಗ ಸ್ನೋಫ್ಲೇಕ್ ಕಂಪನಿ ಕೊಂಡ್ಕೊಂತು, ಆದ್ರೂ ಓಪನ್ ಸೋರ್ಸೇ, ಪುಕ್ಕಟೆನೇ. ನಿಮ್ಮ ಪ್ರೋಗ್ರಾಮ್‌ನ್ಯಾಗ ಇನ್‌ಪುಟ್ ಅಂತ ಬರ್ದಲ್ಲೆಲ್ಲಾ ಅದರ ನಂಬರ್ ಇನ್‌ಪುಟ್ ಹಾಕ್ರಿ, ತೇವಾಂಶಕ್ಕ ಸ್ಲೈಡರ್ ಹಾಕ್ರಿ, ಪ್ರಿಂಟ್ ಇದ್ದಲ್ಲಿ ರೈಟ್ ಅನ್ರಿ, ಸ್ಕ್ರೀನ್ ತಯಾರ್. ಲೇಬಲ್ ‘ತೂಕ’, ‘ರೇಟು’ ಅಂತ ಕನ್ನಡದಾಗೇ ಬರೀರಿ, ಛಲೋ ಕಾಣ್ತದ. ಚಾರ್ಟ್ ಮಾತ್ರ ಅದರದೇ ಬಾರ್ ಚಾರ್ಟ್ ಬಳಸ್ರಿ, ಮ್ಯಾಟ್‌ಪ್ಲಾಟ್‌ಲಿಬ್ ಅನ್ನೋ ಚಾರ್ಟ್ ಬಿಡಿಸೋ ಲೈಬ್ರರಿಯೊಳಗ ನಮ್ಮ ಒತ್ತಕ್ಷರ ಬಹಳ ಸಲ ಒಡೀತಾವ.

ಇನ್ನ ಮುಗ್ಗರಿಸೋ ಜಾಗ ಹೇಳ್ತೀನಿ, ಇದೊಂದ್ ತಿಳ್ಕೊಂಡ್ರ ಅರ್ಧ ಕೆಲಸ ಆತು. ಸ್ಟ್ರೀಮ್‌ಲಿಟ್‌ನ್ಯಾಗ ಯಾರರೆ ಸ್ಲೈಡರ್ ಒಂದೀಟು ಸರಿಸಿದ್ರೂ ನಿಮ್ಮ ಫೈಲ್ ಮೊದಲ ಸಾಲಿನಿಂದ ಕಡೀ ಸಾಲಿನ ತನಕ ಹೊಳ್ಳಿ ಓಡ್ತದ, ಮುನೀಮ ಒಂದ್ ಅಂಕಿ ತಿದ್ಲಾಕ ಹೋಗಿ ಇಡೀ ಪುಟ ಹೊಸದಾಗಿ ಬರ್ದಂಗ. ಹಂಗಾಗಿ ಮ್ಯಾಲ ‘ಒಟ್ಟು = 0’ ಅಂತ ಬರ್ದು ತೆಳಗ ಒಂದೊಂದೇ ಚೀಲ ಕೂಡಿಸ್ತೀನಿ ಅಂದ್ರ ಆಗಂಗಿಲ್ಲ, ಪ್ರತಿ ಸಲ ಸೊನ್ನೆನೇ ಆಗ್ತದ. ನೆನಪು ಇರಬೇಕಾದದ್ದನ್ನ ಸೆಷನ್ ಸ್ಟೇಟ್ ಅನ್ನೋ ಸ್ಟ್ರೀಮ್‌ಲಿಟ್‌ನ ನೆನಪಿನ ಡಬ್ಬಿಯೊಳಗ ಇಡ್ರಿ. ರೇಟಿನ ದೊಡ್ಡ ಎಕ್ಸೆಲ್ ಫೈಲ್ ಓದ್ತಿದ್ರ ಆ ಫಂಕ್ಷನ್ ಮ್ಯಾಲ ಕ್ಯಾಶ್ ಡೇಟಾ (ಒಮ್ಮೆ ಓದಿದ್ದನ್ನ ಇಟ್ಕೊಳ್ಳೋ ಗುರುತು) ಹಾಕ್ರಿ, ಇಲ್ಲಂದ್ರ ಒಂದೊಂದ್ ಒತ್ತಿಗೂ ಅದನ್ನೇ ಓದ್ಕೋತ ಕುಂದರ್ತದ. ಮತ್ತ ಪೇಜ್ ರಿಫ್ರೆಶ್ ಮಾಡಿದ್ರ ಸೆಷನ್ ಸ್ಟೇಟೂ ಹೋಗ್ತದ, ಆದ್ದರಿಂದ ರೈತರ ಲೆಕ್ಕ ಅದರಾಗ ಬಿಡಬ್ಯಾಡ್ರಿ, ಸೇವ್ ಒತ್ತಿದ ಕೂಡ್ಲೇ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸಿನ ಫೈಲಿಗೆ ಬರಸ್ರಿ, ಪೈಥಾನ್ ಜೊತೀಗೇ ಬರ್ತದ ಅದು.

ಎಲ್ಲಿ ನಡಸೋದು? ಮೊದಲ ಅಂಗಡಿ ಕಂಪ್ಯೂಟರ್‌ನ್ಯಾಗೇ. ಸ್ಟ್ರೀಮ್‌ಲಿಟ್ ರನ್ ಅಂದಾಗ ಎರಡು ವಿಳಾಸ ತೋರಸ್ತದ, ಅದರಾಗ ನೆಟ್‌ವರ್ಕ್ ಅಂತ ಇದ್ದದ್ದು, ಕಡೀಗೆ 8501 ಇರ್ತದ ನೋಡ್ರಿ, ಅದನ್ನ ಅದೇ ವೈಫೈ ಹಿಡ್ದ ಮೊಬೈಲ್‌ನ್ಯಾಗ ಹೊಡೀರಿ. ವಿಂಡೋಸ್ ಫೈರ್‌ವಾಲ್ ಪರ್ಮಿಷನ್ ಕೇಳಿದ್ರ ಕೊಡ್ರಿ. ಕರೆಂಟ್ ಹೋದ್ರ ಆಪೂ ಹೋತು, ಇನ್ವರ್ಟರ್ ಇರ್ಲಿ. ಸ್ಟ್ರೀಮ್‌ಲಿಟ್‌ನವ್ರ ಕಮ್ಯುನಿಟಿ ಕ್ಲೌಡ್, ಅಂದ್ರ ಇಂಟರ್ನೆಟ್‌ನ್ಯಾಗಿನ ಅವ್ರ ಕಂಪ್ಯೂಟರ್‌ನ್ಯಾಗೂ ಪುಕ್ಕಟೆ ಹಾಕ್ಲಾಕ ಬರ್ತದ, ಆದ್ರ ಯಾರೂ ತೆಗೀದಿದ್ರ ಆಪ್ ಮಲಗ್ತದ, ಅಲ್ಲಿ ಬರ್ದ ಫೈಲ್ ಉಳೀತದ ಅಂತ ಭರವಸೆನೂ ಇಲ್ಲ. ರೈತರ ಹೆಸರು, ಬ್ಯಾಂಕ್ ಖಾತಿ ಇರೋ ಲೆಕ್ಕ ಅಲ್ಲಿಡೋದು ನನಗಂತೂ ಒಪ್ಪಿಗಿಲ್ಲ.

ಮಾಲಕರು ನಾಳೆ ಆಳಂದದ ಹೊಲದಾಗ ನಿಂತು ನೆಟ್ ಇಲ್ದೇ ನಡೀಬೇಕು ಅಂದ್ರ ಇದು ಆಗಂಗಿಲ್ಲ, ಯಾಕಂದ್ರ ಒಂದೊಂದ್ ಒತ್ತೂ ಸರ್ವರಿಗೆ, ಅಂದ್ರ ಆಪ್ ಓಡೋ ಕಂಪ್ಯೂಟರಿಗೆ, ಹೋಗಿ ಬರಬೇಕು. ಅಂಥದಕ್ಕ ಖರೇನೇ ಜಾವಾಸ್ಕ್ರಿಪ್ಟ್ ಬಲ್ಲವರನ್ನ ಹುಡುಕ್ರಿ. ಹೊಳ್ಳಿ ಓಡೋ ಚಾಳಿ ಬ್ಯಾಡಂದ್ರ ನೈಸ್‌ಗುಯಿ (NiceGUI) ನೋಡ್ರಿ, ಅದೂ ಪೈಥಾನೇ, ಬಟನ್ ಒತ್ತಿದ್ರ ಆ ಬಟನ್ನಿನ ಫಂಕ್ಷನ್ ಅಷ್ಟೇ ಓಡ್ತದ.

ಪ್ರಶ್ನೆ: ನಾನು ಬೀದರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಲೆ ಫೋಟೊ ನೋಡಿ ರೋಗ ಹೇಳೋ ಮಾಡೆಲ್ ಮಾಡೀವಿ, ಗೈಡ್ ಸರ್ ಮುಂದ ತೋರಸ್ಬೇಕು. ಇದಕ್ಕೂ ಸ್ಟ್ರೀಮ್‌ಲಿಟ್ ಸಾಕೇನ್ರಿ?

ಉತ್ತರ: ನಡೀತದ ತಂಗಿ, ಆದ್ರ ನಿಂಗ ಗ್ರೇಡಿಯೋ ಅನ್ನೋ ಇನ್ನೊಂದ್ ಪೈಥಾನ್ ಲೈಬ್ರರಿ ಇನ್ನೂ ಸಲೀಸು. ಫಂಕ್ಷನ್ ಯಾವ್ದು, ಒಳಗ ಬರೋದು ಫೋಟೊ, ಹೊರಗ ಹೋಗೋದು ಲೇಬಲ್, ಇಷ್ಟ್ ಹೇಳಿದ್ರ ಸ್ಕ್ರೀನ್ ಅದೇ ಕಟ್ತದ. ಶೇರ್ ಟ್ರೂ ಅಂತ ಹಾಕಿದ್ರ ಒಂದ್ ತಾತ್ಕಾಲಿಕ ಲಿಂಕ್ ಕೊಡ್ತದ, ನಿನ್ನ ಲ್ಯಾಪ್‌ಟಾಪ್ ಚಾಲೂ ಇರೋತನ ಸರ್ ತಮ್ಮ ಮೊಬೈಲ್‌ನ್ಯಾಗ ತೆಗೀಬಹುದು. ಕಾಲೇಜ್ ವೈಫೈ ಕೆಲವೊಮ್ಮಿ ಅದನ್ನ ತಡೀತದ, ವೈವಾ ದಿನ ಮೊಬೈಲ್ ಹಾಟ್‌ಸ್ಪಾಟ್ ಇಟ್ಕೋ. ಎಲೆ ಅಲ್ಲದ ಫೋಟೊ, ಚಪ್ಪಲಿದೋ ಏನೋ, ಕೊಟ್ರೂ ಮಾಡೆಲ್ ಯಾವ್ದೋ ಒಂದ್ ರೋಗದ ಹೆಸರು ಹೇಳೇ ಹೇಳ್ತದ, ಸರ್ ಅದನ್ನೇ ಮೊದಲ ಕೇಳ್ತಾರ.

ಪ್ರಶ್ನೆ: ಯಾದಗಿರಿ ಕಡಿ ಸಾಲಿ ಮಾಸ್ತರ ನಾನು. ಮಕ್ಕಳಿಗೆ ಕ್ವಿಜ್ ಆಪ್ ಬೇಕು, ಕೋಡಿಂಗ್ ಏನೂ ಬರಂಗಿಲ್ಲ.

ಉತ್ತರ: ಆಪ್ ಬ್ಯಾಡ್ರಿ ಮಾಸ್ತರ, ಗೂಗಲ್ ಫಾರ್ಮ್ ಸಾಕು. ಸೆಟ್ಟಿಂಗ್ಸ್‌ನ್ಯಾಗ ಕ್ವಿಜ್ ಅಂತ ಆನ್ ಮಾಡ್ರಿ, ಸರಿ ಉತ್ತರ ಮೊದಲೇ ತುಂಬ್ರಿ, ಮಾರ್ಕ್ಸ್ ಅದೇ ಹಾಕ್ತದ, ಗೂಗಲ್ ಶೀಟ್ ಜೋಡಿಸಿದ್ರ ಎಲ್ಲಾ ಅದರಾಗ ಬಂದ್ ಕೂಡ್ತದ.